ಕೆಂಚವೀರಪ್ಪನವರು ದಿಲ್ಲಿಯಲ್ಲಿ ಕೇಳಿದ ಪ್ರಶ್ನೆ

೧೯೫೭ರ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ದಾವಣಗೆರೆಯ ಅರಳೆ ವ್ಯಾಪಾರಿ ಕೆಂಚವೀರಪ್ಪನವರು ನಮ್ಮ ತಂತಿ ಕಚೇರಿಗೆ ತಾವೇ ನಡೆದುಕೊಂಡು ಬಂದರು. ನಾನು ಅಲ್ಲಿ ತಂತಿ ಗುಮಾಸ್ತ. ಕೆಲಸಕ್ಕೆ ಸೇರಿ ಆರು ವರ್ಷವಾಗಿದ್ದರೂ ಅವರು ಆ ಬಾಗಿಲು ದಾಟಿದ್ದನ್ನು ನಾನು ನೋಡಿರಲಿಲ್ಲ. ಅವರ ಮಂಡಿಗೆ ದಿನಕ್ಕೆ ಎಂಟು ಹತ್ತು ತಂತಿ ಬರುತ್ತಿದ್ದವು, ಅಷ್ಟೇ ಹೋಗುತ್ತಿದ್ದವು. ಮುಂಬಯಿಯ ಅರಳೆ ಧಾರಣೆ ಏರಿದ್ದು ಇಳಿದದ್ದು ಊರಿನಲ್ಲಿ ಎಲ್ಲರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಆ ಓಡಾಟವನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಅವರ ಗುಮಾಸ್ತ ಜಂಬಯ್ಯ.

ಅವರು ಲೋಕಸಭೆಗೆ ಆರಿಸಿ ಬಂದು ಇನ್ನೂ ತಿಂಗಳು ಕಳೆದಿರಲಿಲ್ಲ. ಅಂಥವರು ಛತ್ರಿ ಮಡಿಸಿ ಗೋಡೆಗೆ ಒರಗಿಸಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಾಗ ನಾನು ಎದ್ದು ನಿಂತೆ.

"ಏಕಾಂತಪ್ಪನೋರು ಅಂದ್ರೆ ನೀವಾ?"

"ಹೌದ್ರಿ ಸಾವ್ಕಾರ್ರೆ. ಬರ್ರಿ, ಕೂಡ್ರಿ. ಹೇಳಿ ಕಳಿಸಿದ್ರೆ ನಾನೇ ಬರ್ತಿದ್ನಲ್ಲ."

"ಬ್ಯಾಡ ಬ್ಯಾಡ. ನಂಗೆ ಇಲ್ಲೇ ಒಂದು ನೋಡ್ಬೇಕಾಗೈತೆ." ಮೇಜಿನ ಮೇಲಿದ್ದ ಹಿತ್ತಾಳೆಯ ಯಂತ್ರದ ಕಡೆ ಕೈ ತೋರಿಸಿದರು. "ಇದು ಟಕ ಟಕ ಅಂತೈತಲ್ಲ, ಇದ್ರಾಗ ಅಕ್ಷರ ಎಲ್ಲಿರ್ತೈತೆ?"

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಸಣ್ಣ ಟಕ್ಕು, ದೊಡ್ಡ ಟಕ್ಕು, ಅವೆರಡನ್ನೇ ಬೇರೆ ಬೇರೆಯಾಗಿ ಜೋಡಿಸಿ ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಮಾಡಿದ್ದಾರೆ ಎಂದು ವಿವರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಒಂದಿಷ್ಟು ಹೊತ್ತಾದ ಮೇಲೆ, "ಇದು ನಮ್ಮ ಹತ್ತಿ ಬೀಜ ಬಿಡಿಸೋ ಜಿನ್ನಿಂಗ್ ಮಿಷಿನ್ ಇದ್ದಂಗೆ. ಸದ್ದು ಕೇಳಿದ್ರೆ ಒಳಗೆ ಏನು ನಡದೈತೆ ಅಂತ ಗೊತ್ತಾಗ್ಬೇಕು," ಎಂದರು.

ಮರುದಿನವೂ ಬಂದರು. ಅದರ ಮರುದಿನವೂ. ಎರಡರಿಂದ ನಾಲ್ಕರವರೆಗೆ ಕಚೇರಿಯಲ್ಲಿ ಕೆಲಸ ಕಡಿಮೆ. ಅದೇ ಹೊತ್ತಿಗೆ ಬಂದು ಕೂರುತ್ತಿದ್ದರು. ಮೂರನೆಯ ದಿನ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು:

"ಮಾಸ್ತರ್ರೆ, ನಂಗೆ ಇಂಗ್ಲಿಷ್ ಅಕ್ಷರ ಬರೋದಿಲ್ಲ. ಒಂದೂ ಬರೋದಿಲ್ಲ. ಕಲಿಸ್ತೀರಾ? ಯಾರಿಗೂ ಹೇಳ್ಬಾರ್ದು."

ನಾನು ಬೆಕ್ಕಸ ಬೆರಗಾದೆ. ದಿನಕ್ಕೆ ಹತ್ತು ಇಂಗ್ಲಿಷ್ ತಂತಿ ತರಿಸಿಕೊಳ್ಳುವ ಮನುಷ್ಯ! ಹೈಸ್ಕೂಲಿಗೆ ಕಟ್ಟಡ ಕಟ್ಟಿಸಿಕೊಟ್ಟವರು, ಮುನಿಸಿಪಾಲಿಟಿಯಲ್ಲಿ ಎರಡು ಸಲ ಸದಸ್ಯರಾಗಿದ್ದವರು. ಹಳ್ಳಿಯಿಂದ ಅರಳೆ ಗಾಡಿ ಹೊಡೆದುಕೊಂಡು ಬಂದು, ದಲಾಲಿ ಮಾಡಿ, ಮಂಡಿ ಇಟ್ಟು, ಸ್ಟೇಷನ್ನಿನ ಹಿಂದೆ ಜಿನ್ನಿಂಗ್ ಫ್ಯಾಕ್ಟರಿ ಹಾಕಿದ ಅವರ ಕತೆ ಊರಿಗೆಲ್ಲ ಬಾಯಿಪಾಠವಾಗಿತ್ತು. ಪಕ್ಷದ ಎರಡು ಬಣಗಳು ಟಿಕೆಟ್ಟಿಗೆ ಕಿತ್ತಾಡಿ ಕೊನೆಗೆ ಎರಡಕ್ಕೂ ಬೇಡವೆನಿಸದ ಇವರನ್ನು ನಿಲ್ಲಿಸಿದ್ದು, ಇವರು ಗೆದ್ದದ್ದು ಕೂಡ ಎಲ್ಲರಿಗೂ ಗೊತ್ತು. ಇದೊಂದು ಮಾತ್ರ ಗೊತ್ತಿರಲಿಲ್ಲ.

"ಮತ್ತೆ ಇಷ್ಟು ವರ್ಷ ಹೆಂಗೆ ನಡೀತ್ರಿ?"

"ಜಂಬಯ್ಯ ಇದಾನಲ್ಲ. ತಂತಿ ಬಂದ ಕೂಡ್ಲೇ ನನ್ನ ಕೈಗೆ ಕೊಡ್ತಾನೆ. ನಾನು ನೋಡಿ ಅವನ ಕಡೆ ಚಾಚ್ತೀನಿ. ಅವ್ನು ಕಿವಿಗೆ ಹತ್ರ ಬಂದು ಏನೋ ಮಾತಾಡ್ದಂಗೆ ಓದಿ ಹೇಳ್ತಾನೆ. ನೋಡಿದೋರು ಇಬ್ರೂ ಆಲೋಚನೆ ಮಾಡಾಕತ್ತಾರೆ ಅಂದ್ಕೊತಾರೆ."

ದಿಲ್ಲಿಗೆ ಹೋಗಬೇಕಲ್ಲ, ಅದಕ್ಕೇ ಕಲಿಯುತ್ತಿದ್ದಾರೆ ಎಂದುಕೊಂಡೆ. ಆದರೆ ಅದಕ್ಕೆ ಮೇಷ್ಟರೊಬ್ಬರನ್ನು ಮನೆಗೆ ಕರೆಸಿದ್ದರೆ ಆಗುತ್ತಿತ್ತು. ತಂತಿ ಕಚೇರಿಗೇ ಏಕೆ ಬರುತ್ತಾರೆ? ತಂತಿ ಯಾವ ಊರಿನಿಂದ ಯಾವ ಊರಿಗೆ ಹೋಗುತ್ತದೆ, ಅಲ್ಲಿ ಅದನ್ನು ಯಾರು ಕೇಳಿಸಿಕೊಳ್ಳುತ್ತಾರೆ, ಯಾರು ಬರೆಯುತ್ತಾರೆ, ಹಳ್ಳಿಗೆ ಯಾರು ಒಯ್ಯುತ್ತಾರೆ, ಅವನಿಗೆ ಓದಲು ಬರುತ್ತದೆಯೇ ಎಂದೆಲ್ಲ ಏಕೆ ಕೇಳುತ್ತಾರೆ? ನನಗೂ ಕುತೂಹಲ ಹತ್ತಿತು. ಕೇಳಲು ಧೈರ್ಯವಿರಲಿಲ್ಲ.

ಅಕ್ಷರಗಳನ್ನು ಅವರು ಕಣ್ಣಿಗಿಂತ ಮೊದಲು ಕಿವಿಯಿಂದ ಕಲಿತರು. ಹದಿನೈದು ದಿನದಲ್ಲಿ ಯಂತ್ರದ ಸದ್ದಿನಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಬಂದರೆ ಬೆರಳೆತ್ತುತ್ತಿದ್ದರು. ಕನ್ನಡ ದುಂಡಗೆ ಬರೆಯುತ್ತಿದ್ದರು, ಇಂಗ್ಲಿಷ್ ಬರೆಯುವುದು ಮಾತ್ರ ಕಷ್ಟ. ಅರಳೆ ಹಿಂಜಿ ಎಳೆಯ ಉದ್ದ ನೋಡುವ ಆ ದಪ್ಪ ಬೆರಳುಗಳು ಆ ಅಕ್ಷರಕ್ಕೆ ಬಗ್ಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ದಿಲ್ಲಿಗೆ ಹೋದರು. ಅಧಿವೇಶನ ಮುಗಿದಾಗಲೆಲ್ಲ ಊರಿಗೆ ಬಂದು ಮಂಡಿಯ ಕೆಲಸ ನೋಡಿ, ಮಧ್ಯಾಹ್ನಕ್ಕೆ ನನ್ನ ಹತ್ತಿರ ಬರುತ್ತಿದ್ದರು. ಅಲ್ಲಿನ ಸುದ್ದಿ ಹೇಳುತ್ತಿದ್ದರು. ಗುಂಡಗಿನ ದೊಡ್ಡ ಸಭೆಯಂತೆ, ಹಸಿರು ಹಾಸಂತೆ. ಮಾತಾಡುವವರು ಗಂಟೆಗಟ್ಟಲೆ ಇಂಗ್ಲಿಷಿನಲ್ಲಿ ಮಾತಾಡುತ್ತಾರಂತೆ. ಇವರು ಮುಖ ನೋಡಿ, ಕೈ ನೋಡಿ, ಸರಕಿನ ಗುಣ ಅಳೆದಂತೆ ಅಳೆಯುತ್ತಾರಂತೆ. "ಅರ್ಧ ಜನ ಮಂಡಿ ದಲಾಲ್ರಂಗೇ ಅದಾರೆ ಮಾಸ್ತರ್ರೆ. ಹೇಳೋದು ಒಂದು, ಮನಸ್ನಾಗ ಇನ್ನೊಂದು. ಅದು ನಂಗೆ ಭಾಷೆ ಬರದಿದ್ರೂ ಗೊತ್ತಾಗ್ತೈತೆ."

ಊರಲ್ಲಿ ಜನ ಆಡಿಕೊಳ್ಳತೊಡಗಿದ್ದರು. ನಮ್ಮ ಎಂಪಿ ವರ್ಷವಾದರೂ ಬಾಯಿಬಿಟ್ಟಿಲ್ಲವಂತೆ ಎಂದು ಹೋಟೆಲುಗಳಲ್ಲಿ ಮಾತಾಯಿತು. ಅದು ಅವರ ಕಿವಿಗೂ ಬಿದ್ದಿತ್ತು. ೧೯೫೮ರ ಬೇಸಿಗೆಯಲ್ಲಿ ಬಂದವರು ಕೋಟಿನ ಜೇಬಿನಿಂದ ಒಂದು ಮುದ್ರಿತ ನಮೂನೆ ತೆಗೆದು ನನ್ನ ಮುಂದಿಟ್ಟರು.

"ಅಲ್ಲಿ ಪ್ರಶ್ನೆ ಕೇಳ್ಬಹುದು. ಇದ್ರಾಗ ಬರದು ಕೊಟ್ರೆ ಮಂತ್ರಿ ಉತ್ರ ಕೊಡ್ಬೇಕು. ಇಂಗ್ಲಿಷ್ನಾಗ ಬರದು ಕೊಡ್ರಿ."

"ಏನಂತ ಬರೀಲ್ರಿ?"

"ಕನ್ನಡ ನಾಡಿನ ಹಳ್ಳಿಗೆ ಬರೋ ತಂತಿ ಕನ್ನಡದಾಗ ಯಾಕ ಬರಬಾರ್ದು ಅಂತ."

ಅರಳೆಯ ಮೇಲಿನ ತೆರಿಗೆ, ಹತ್ತಿಗೆ ರೈಲು ವ್ಯಾಗನ್ನು, ಹರಿಹರದ ಸೇತುವೆ, ಹೀಗೆ ಕೇಳಲು ನೂರು ಸಂಗತಿಗಳಿದ್ದವು. ನಾನು ಪೆನ್ನು ಕೆಳಗಿಟ್ಟೆ.

"ಸಾವ್ಕಾರ್ರೆ, ಒಂದು ವರ್ಷದಿಂದ ಕೇಳ್ಬೇಕು ಅಂತಿದೀನಿ. ಈ ತಂತಿ ಮ್ಯಾಲೆ ನಿಮಗ್ಯಾಕ ಇಷ್ಟು?"

ಅವರು ಬಾಗಿಲ ಕಡೆ ನೋಡಿ ಕುರ್ಚಿ ಹತ್ತಿರ ಎಳೆದುಕೊಂಡರು. ಆಮೇಲೆ ಹೇಳಿದರು.

ಗೆದ್ದ ಮೂರನೆಯ ದಿನ, ಒಂದು ಗುರುವಾರ, ಹರಿಹರದಲ್ಲಿ ಅವರ ಮೆರವಣಿಗೆಯಿತ್ತು. ಹರಿಹರೇಶ್ವರನ ಗುಡಿಯ ಮುಂದೆ ಜೀಪು ನಿಂತಿತ್ತು, ಕೊರಳ ತುಂಬ ಹಾರ, ಸುತ್ತ ನೂರಾರು ಜನ. ಆ ಗದ್ದಲದಲ್ಲಿ ಒಬ್ಬ ಮುದುಕ ಜನರನ್ನು ಸರಿಸಿಕೊಂಡು ಮುಂದೆ ಬಂದ. ಹೆಸರು ದುರುಗಣ್ಣ, ಉಕ್ಕಡಗಾತ್ರಿ ದಾರಿಯಲ್ಲಿ ಹೊಳೆ ದಂಡೆಯ ಹಳ್ಳಿಯವನು. ಹಿಂದೆ ಅವನ ಸೊಸೆ ಹುಲಿಗೆಮ್ಮ. ಮಗ ಓಬಯ್ಯ ಮುಂಬಯಿಯ ಬಟ್ಟೆ ಗಿರಣಿಯಲ್ಲಿದ್ದ. ಆ ಬೆಳಿಗ್ಗೆ ಮನೆಗೆ ತಂತಿ ಬಂದಿತ್ತು. ಅವರ ಹಳ್ಳಿಗೆ ಬಂದ ಮೊದಲ ತಂತಿ. ತಂತಿ ಎಂದರೆ ಸಾವು ಎಂದೇ ಊರೆಲ್ಲ ಗಾಬರಿಯಾಗಿತ್ತು. ಇಂಗ್ಲಿಷ್ ಓದುವವರಿಲ್ಲ. ಹರಿಹರಕ್ಕೆ ನಡೆದು ಬಂದಿದ್ದರು.

"ದಿನಾ ತಂತಿ ಓದೋ ಸಾವ್ಕಾರ್ರು ಇಲ್ಲೇ ಇದಾರಲ್ಲಪ್ಪ, ಕೊಡ್ರಿ ಅತ್ಲಾಗೆ," ಎಂದು ಯಾರೋ ಆ ಕಾಗದವನ್ನು ಮುದುಕನ ಕೈಯಿಂದ ತೆಗೆದು ಇವರ ಕೈಗೆ ಕೊಟ್ಟರು. ಜಂಬಯ್ಯ ಹತ್ತಿರದಲ್ಲಿರಲಿಲ್ಲ. ಜನವೆಲ್ಲ ಸುಮ್ಮನಾಗಿ ಇವರ ಮುಖವನ್ನೇ ನೋಡುತ್ತಿತ್ತು.

"ನಂಗೆ ಬರೋದಿಲ್ಲ ಅಂದಿದ್ರೆ ಮುಗೀತಿತ್ತು," ಎಂದರು ಕೆಂಚವೀರಪ್ಪನವರು. "ಅಲ್ಲೇ ವಕೀಲ್ರಿದ್ರು, ಮೇಷ್ಟ್ರಿದ್ರು. ಅಷ್ಟು ಜನದ ಮುಂದೆ ಬಾಯಿ ಏಳಲಿಲ್ಲ ಮಾಸ್ತರ್ರೆ."

ಅವರು ಕಾಗದ ನೋಡಿದರು. ಮಂಡಿಯ ತಂತಿಗಳಲ್ಲಿ ಬರುವ ಐದಾರು ಪದಗಳ ಆಕಾರ ಅವರಿಗೆ ಗುರುತಿತ್ತು. ಅವು ಯಾವುವೂ ಅದರಲ್ಲಿರಲಿಲ್ಲ. ಆದರೆ ಕೊನೆಯ ಪದವನ್ನು ಹಿಂದೆ ಕಂಡಿದ್ದರು. ನಲವತ್ತೊಂಬತ್ತರಲ್ಲಿ ಅವರ ಅಣ್ಣ ಮುಂಬಯಿಯಲ್ಲಿ ತೀರಿಕೊಂಡಾಗ ಬಂದ ತಂತಿಯನ್ನು ಅವರು ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದರು. ಆಗಾಗ ತೆಗೆದು ನೋಡುತ್ತಿದ್ದರು. ಅದರ ಕೊನೆಯಲ್ಲೂ ಇದೇ ಪದ, ಇದೇ ಆಕಾರ. ಇದೂ ಸಾವಿನ ತಂತಿಯೇ ಎಂದುಕೊಂಡರು. ಹಾರಗಳನ್ನು ಕೊರಳಿನಿಂದ ತೆಗೆದು ಮುದುಕನ ಹೆಗಲ ಮೇಲೆ ಕೈಯಿಟ್ಟು, "ಧೈರ್ಯ ತಂದ್ಕೊಳ್ರಿ," ಎಂದರು.

ಅಷ್ಟೇ ಸಾಕಾಯಿತು. ಹುಲಿಗೆಮ್ಮ ಗುಡಿಯ ಮುಂದೆಯೇ ಕುಸಿದಳು. ಊರಿಗೆ ಹೋಗುವಷ್ಟರಲ್ಲಿ ಸುದ್ದಿ ಮುಂದೆ ಹೋಗಿತ್ತು. ಹೊಳೆಯ ದಂಡೆಯಲ್ಲಿ ಹೆಂಗಸರು ಸೇರಿ ಅವಳ ಬಳೆ ಒಡೆದರು, ಕುಂಕುಮ ಅಳಿಸಿದರು.

ಮರುದಿನ ಬೆಳಿಗ್ಗೆ ಓಬಯ್ಯ ಪೂನಾ ಗಾಡಿಯಿಂದ ಹರಿಹರದಲ್ಲಿ ಇಳಿದ. ಕರೆಯಲು ಯಾರೂ ಬಂದಿರಲಿಲ್ಲ. ಟ್ರಂಕು ಹೊತ್ತುಕೊಂಡು ಹಳ್ಳಿಗೆ ನಡೆದು ಹೋದ. ಊರ ಬಾಗಿಲಲ್ಲಿ ಅವನನ್ನು ಕಂಡ ಹೆಂಗಸೊಬ್ಬಳು ಕೊಡ ಬಿಸಾಡಿ ಓಡಿದಳು. ಮನೆಯ ಮುಂದೆ ಜನ ಕೂತಿತ್ತು. ತನ್ನ ಸಾವಿಗೇ ಕೂತಿದ್ದಾರೆಂದು ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತಂತೆ.

ತಂತಿಯಲ್ಲಿ ಇದ್ದದ್ದು ಮೂರೇ ಪದ. ರೀಚಿಂಗ್ ಹರಿಹರ್ ಫ್ರೈಡೇ. ಶುಕ್ರವಾರ ಹರಿಹರ ತಲುಪುತ್ತೇನೆ. ಅಣ್ಣನ ತಂತಿಯ ಕೊನೆಯ ಪದವೂ ಫ್ರೈಡೇ, ಅದರಲ್ಲಿ ಶುಕ್ರವಾರ ಮಣ್ಣು ಎಂದಿತ್ತು.

"ಮನೆಯೋರು ಅವಳನ್ನ ಉಕ್ಕಡಗಾತ್ರಿಗೆ ಕರ್ಕೊಂಡು ಹೋಗಿ ಅಜ್ಜಯ್ಯನ ಗದ್ದಿಗೆ ಮುಂದೆ ಹೊಸ ಬಳೆ ತೊಡಿಸಿದ್ರಂತೆ," ಎಂದರು ಕೆಂಚವೀರಪ್ಪನವರು. "ಆದ್ರೂ ಒಂದು ಸಲ ಒಡೆದದ್ದು ಒಡೀತು ಅಂತ ಕೆಲವರು ಅವಳನ್ನ ಶುಭಕಾರ್ಯಕ್ಕೆ ಕರೀತಿಲ್ಲ. ಸೋಮವಾರ ಅವಳೇ ಮಂಡಿಗೆ ಬಂದ್ಲು, ಮಾವನ್ನ ಕರ್ಕೊಂಡು. ಬೈತಾಳೆ ಅಂದ್ಕೊಂಡೆ. ಬೈಲಿಲ್ಲ. ತಂತಿ ಬಿಚ್ಚಿ ನನ್ನ ಮುಂದೆ ಹಿಡಿದು, 'ಇದ್ರಾಗ ಸತ್ತ ಅನ್ನೋ ಮಾತು ಎಲ್ಲೈತೆ, ತೋರ್ಸ್ರಿ' ಅಂದ್ಲು."

"ನೀವೇನಂದ್ರಿ?"

"ಬೆರಳಿಟ್ಟು ತೋರಿಸ್ದೆ. ಅಣ್ಣನ ತಂತಿ ವಿಷಯ ಹೇಳ್ದೆ. ಇಂಗ್ಲಿಷ್ ಬರೋದಿಲ್ಲ ಅಂತ ಹೇಳ್ದೆ. ಜಂಬಯ್ಯನ ಬಿಟ್ರೆ ಮೊದ್ಲು ಗೊತ್ತಾಗಿದ್ದು ಅವಳಿಗೇ. ಅವ್ಳು ಒಂದು ಮಾತು ಕೇಳಿದ್ಲು. 'ನಮ್ಮೂರಿಗೆ ಬರೋದು ನಮ್ಮ ಅಕ್ಷರದಾಗ ಯಾಕ ಬರ್ಲಿಲ್ಲ?' ನಂಗೆ ಗೊತ್ತಿರ್ಲಿಲ್ಲ. ತಿಳ್ಕೊಂಡು ಹೇಳ್ತೀನಿ ತಾಯಿ ಅಂದೆ."

ನಾನು ಪೆನ್ನು ತೆಗೆದುಕೊಂಡು ಪ್ರಶ್ನೆ ಬರೆದೆ.

ಆ ಪ್ರಶ್ನೆಗೆ ಐದು ತಿಂಗಳ ಮೇಲೆ ಲಿಖಿತ ಉತ್ತರ ಬಂತು. 'ಅಂಥ ಪ್ರಸ್ತಾಪ ಸರ್ಕಾರದ ಮುಂದೆ ಇಲ್ಲ' ಎಂಬ ಒಂದೇ ವಾಕ್ಯ. ಕೆಂಚವೀರಪ್ಪನವರು ಅದನ್ನು ತಾವೇ ಅಕ್ಷರ ಅಕ್ಷರ ಕೂಡಿಸಿ ಓದಿದರು. ಮುಕ್ಕಾಲು ಗಂಟೆ ಹಿಡಿಯಿತು. "ಉತ್ರ ಬಂತು. ಆದ್ರೆ ನಾನು ಕೇಳಿದ್ದು ಯಾಕ ಅಂತ. ಇದ್ರಾಗ 'ಯಾಕ' ಇಲ್ಲ," ಎಂದರು.

ಯಾಕೆ ಎಂಬುದನ್ನು ನನಗೆ ತಿಳಿದಷ್ಟು ನಾನೇ ಹೇಳಿದೆ. ಇಂಗ್ಲಿಷಿಗೆ ಸದ್ದು ಕಟ್ಟಿದ್ದಾರೆ, ಹಿಂದಿಯ ನಾಗರಿಗೂ ಕಟ್ಟಿದ್ದಾರೆ, ಕನ್ನಡಕ್ಕೆ ಕಟ್ಟಿಲ್ಲ. ನಮ್ಮಲ್ಲಿ ಅಕ್ಷರ ಹೆಚ್ಚು, ಅದರ ಮೇಲೆ ಗುಣಿತ, ಒತ್ತು. ಅವರು ಸೋಲುವವರಲ್ಲ. ಒಂದು ನೋಟುಪುಸ್ತಕದಲ್ಲಿ ನಾವಿಬ್ಬರೂ ಕೂತು ಕನ್ನಡಕ್ಕೆ ಟಕ್ಕು ಜೋಡಿಸಲು ನೋಡಿದೆವು. ಹರಿಹರದ ಅಂಚೆ ಕಚೇರಿಯಲ್ಲಿ ತಂತಿ ನೋಡುತ್ತಿದ್ದ ನನ್ನ ಗೆಳೆಯ ರೌಫ್ ಭಾನುವಾರಗಳಂದು ಬಂದು ಸೇರುತ್ತಿದ್ದ. ಮೇಜನ್ನು ಬೆರಳಿನಿಂದ ಕುಟ್ಟಿ ಪರೀಕ್ಷೆ ಮಾಡುತ್ತಿದ್ದೆವು. 'ಕೃಷ್ಣ' ಎಂಬ ಹೆಸರನ್ನು ಕುಟ್ಟಿ ಮುಗಿಸುವಷ್ಟರಲ್ಲಿ ರೌಫ್, "ಸಾವ್ಕಾರ್ರೆ, ಇಷ್ಟೊತ್ತಿಗೆ ಆ ಕೃಷ್ಣ ಹರಿಹರದಿಂದ ನಡ್ಕೊಂಡೇ ಬಂದುಬಿಡ್ತಾನೆ," ಎಂದು ನಗುತ್ತಿದ್ದ. ಕೆಲಸ ಅರ್ಧಕ್ಕೇ ನಿಂತಿತು.

ಆದರೆ ಅವರು ದಿಲ್ಲಿಯಲ್ಲಿ ಬಿಡಲಿಲ್ಲ. ಬರೆದು ಕೊಡುವ ಪ್ರಶ್ನೆಗಳಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಎಂದು ಒಂದು ಜಾತಿಯಿದೆ, ಅದಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಮೇಲೆ ಮರುಪ್ರಶ್ನೆ ಹಾಕಬಹುದು ಎಂದು ತಿಳಿದುಕೊಂಡರು. ಒಂದೊಂದು ಅಧಿವೇಶನದಲ್ಲೂ ಅದನ್ನೇ ಕಳಿಸುತ್ತಿದ್ದರು. ಚೀಟಿ ಎತ್ತುವಾಗ ಅವರದು ಬರುತ್ತಿರಲಿಲ್ಲ. ೧೯೬೦ರ ಆಗಸ್ಟಿನಲ್ಲಿ ಬಂತು.

ಆ ದಿನದ ಕಲಾಪದ ಅಚ್ಚಾದ ಪುಸ್ತಕವನ್ನು ಅವರು ನನಗೆ ತಂದು ತೋರಿಸಿದರು. ನಾನು ಅಲ್ಲಿ ಓದಿದ್ದು ಹೀಗೆ. ಮಂತ್ರಿಗಳು, ಸಾರ್ವಜನಿಕರಿಗೆ ಇದರಿಂದ ತೊಂದರೆಯಾದ ನಿದರ್ಶನ ಸರ್ಕಾರದ ಗಮನಕ್ಕೆ ಬಂದಿಲ್ಲ ಎಂದರು. ಕೆಂಚವೀರಪ್ಪನವರು ಎದ್ದು, ಮಂಡಿಯಲ್ಲಿ ಕಲಿತ ತಮ್ಮ ಉರ್ದುವಿನಲ್ಲಿ, ಒಂದು ನಿದರ್ಶನ ನಾನು ಹೇಳುತ್ತೇನೆ ಎಂದರು. ಹಳ್ಳಿಯ ಹೆಸರು ಹೇಳಿದರು, ಹುಲಿಗೆಮ್ಮನ ಹೆಸರು ಹೇಳಿದರು, ಬಳೆ ಒಡೆದದ್ದು ಹೇಳಿದರು. ಬದುಕಿದ್ದ ಗಂಡ ಮನೆಗೆ ನಡೆದು ಬಂದದ್ದನ್ನು ಹೇಳುವಾಗ ಆವರಣದಲ್ಲಿ 'ನಗು' ಎಂದು ಅಚ್ಚಾಗಿತ್ತು. ಒಬ್ಬ ಸದಸ್ಯರು, "ಆ ತಂತಿಯನ್ನು ಓದಿದ ಮಹಾಶಯ ಯಾರು?" ಎಂದು ಕೇಳಿದ್ದರು. ಮತ್ತೆ ನಗು. ಅದರ ಕೆಳಗೆ:

'ಶ್ರೀ ಕೆಂಚವೀರಪ್ಪ: ನಾನೇ.'

ಅದರ ಮುಂದೆ ನಗು ಅಚ್ಚಾಗಿರಲಿಲ್ಲ. ಮಂತ್ರಿಗಳು, ವಿಷಯವನ್ನು ಪರಿಶೀಲಿಸಲಾಗುವುದು ಎಂದರು. ಸಭಾಧ್ಯಕ್ಷರು ಮುಂದಿನ ಪ್ರಶ್ನೆ ಕರೆದರು.

"ಹೇಳ್ಬೇಕು ಅಂತ ಹೋಗಿದ್ರಾ?" ಎಂದೆ.

"ಇಲ್ಲ. ಅವ್ರು ಕೇಳಿದ್ರು. ಇನ್ನೊಬ್ರ ಮ್ಯಾಲೆ ಹಾಕಾಕೆ ಬರ್ಲಿಲ್ಲ."

ಪತ್ರಿಕೆಗಳಲ್ಲಿ ಅದು ಬಂತು. ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಇಂಗ್ಲಿಷ್ ಬಾರದ ಎಂಪಿ ಎಂದು ಕೆಲವರು, ಒಪ್ಪಿಕೊಂಡನಲ್ಲ ಎಂದು ಕೆಲವರು. ಹೋಟೆಲುಗಳಲ್ಲಿ 'ಫ್ರೈಡೇ ಸಾವ್ಕಾರ' ಎಂಬ ಹೆಸರು ಹುಟ್ಟಿತು. ಎಲ್ಲರಿಗಿಂತ ಹೆಚ್ಚು ನೊಂದವನು ಜಂಬಯ್ಯ. ನನ್ನ ಕಚೇರಿಗೆ ಬಂದು ಕೌಂಟರಿನ ಆಚೆ ನಿಂತು, "ಇಪ್ಪತ್ತು ವರ್ಷ ಮುಚ್ಚಿಟ್ಟಿದ್ನಲ್ರಿ ನಾನು. ನನ್ನ ಹೆಂಡ್ತಿಗೂ ಹೇಳಿರ್ಲಿಲ್ಲ. ಇವ್ರು ಡೆಲ್ಲಿಗೆ ಹೋಗಿ ಇಡೀ ದೇಶಕ್ಕೇ ಹೇಳಿ ಬಂದ್ರು," ಎಂದು ಕಣ್ಣೊರೆಸಿಕೊಂಡ.

೧೯೬೧ರ ಸಂಕ್ರಾಂತಿ ಕಳೆದ ಮೇಲೆ ಕೆಂಚವೀರಪ್ಪನವರು ಹುಲಿಗೆಮ್ಮನಿಗೆ ಉತ್ತರ ಹೇಳಿ ಬರಬೇಕು ಎಂದು ಹೊರಟರು. ನನ್ನನ್ನೂ ಕರೆದರು. ಹರಿಹರದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ರೌಫ್‌ನನ್ನೂ ಕೂರಿಸಿಕೊಂಡು ಕಮಾನು ಗಾಡಿಯಲ್ಲಿ ಹೊಳೆದಂಡೆಯ ದಾರಿ ಹಿಡಿದೆವು. ಅವರ ಕೈಯಲ್ಲಿ ಆ ಅಚ್ಚಾದ ಪುಸ್ತಕವಿತ್ತು. ಅವಳು ಏನೆನ್ನುವಳೋ ಎಂದು ನನಗೂ ಕುತೂಹಲ.

ಅಂಗಳದಲ್ಲಿ ಹುಲಿಗೆಮ್ಮ ಶೇಂಗಾ ಬಿಡಿಸುತ್ತ ಕೂತಿದ್ದಳು. ಮೂವತ್ತರ ಒಳಗಿನ ಗಟ್ಟಿ ಹೆಂಗಸು, ಕೈತುಂಬ ಹಸಿರು ಬಳೆ. ನಮ್ಮನ್ನು ಕಂಡು ಎದ್ದು ಕಂಬಳಿ ಹಾಸಿದಳು. ಗಂಡ ಮುಂಬಯಿಗೆ ಹಿಂತಿರುಗಿದ್ದಾನೆ, ಮಾವ ಹೊಲಕ್ಕೆ ಹೋಗಿದ್ದಾರೆ ಎಂದಳು. ಮಜ್ಜಿಗೆ ಕೊಟ್ಟಳು. ಕೆಂಚವೀರಪ್ಪನವರು ಪುಸ್ತಕ ಬಿಚ್ಚಿ ಅವಳ ಮುಂದೆ ಹಿಡಿದರು.

"ತಾಯಿ, ನೀನು ಕೇಳಿದ್ದನ್ನ ಡೆಲ್ಲ್ಯಾಗ ಕೇಳ್ದೆ. ಇಲ್ಲಿ ಐತೆ ನೋಡು, ನಿನ್ನ ಹೆಸ್ರು ಸೈತ."

ಅವಳು ಪುಸ್ತಕ ಮುಟ್ಟಲಿಲ್ಲ.

"ಕೇಳಿದ್ದು ಗೊತ್ತಾತ್ರಿ. ಪೇಪರ್ನಾಗ ಬಂದಿತ್ತಂತೆ. ಕೇಳಿದ್ದು ಚಲೋ ಆತು. ನನ್ನ ಹೆಸ್ರು ಯಾಕ ಹೇಳಿದ್ರಿ?"

ಅವಳು ಮತ್ತೆ ಕೂತು ಶೇಂಗಾ ಮಡಿಲಿಗೆ ಹಾಕಿಕೊಂಡಳು.

"ಮೂರು ವರ್ಷಕ್ಕೆ ಜನ ಮರ್ತಿದ್ರು. ಹೋದ ವರ್ಷ ನಾದಿನಿ ಮದ್ವಿಗೆ ಅರಿಶಿಣ ಹಚ್ಚಾಕೆ ನನ್ನೂ ಕರ್ದಿದ್ರು. ಪೇಪರ್ ಬಂದ ಮ್ಯಾಲೆ ಮತ್ತೆ ಎಲ್ಲಾರಿಗೂ ನೆಪ್ಪಾತು. ಮುಂಬಯಿ ಚಾಳಿನಾಗ ನನ್ನ ಗಂಡನ್ನ 'ಸತ್ತು ಬಂದೋನು' ಅಂತ ಕರೀತಾರಂತೆ. ನಿಮ್ಮ ತಪ್ಪು ನೀವು ಹೇಳ್ಕೊಂಡ್ರಿ, ನಿಮಗೆ ಹಗುರಾತು. ನನ್ನದು ಹೇಳೋ ಮೊದ್ಲು ನನ್ನ ಒಂದು ಮಾತು ಕೇಳಬೌದಿತ್ತು."

ದನಿಯೇರಿಸದೆ, ಶೇಂಗಾ ಬಿಡಿಸುತ್ತಲೇ ಹೇಳಿದಳು. ಕೆಂಚವೀರಪ್ಪನವರು ಪುಸ್ತಕ ಮಡಿಸಿ ತೊಡೆಯ ಮೇಲಿಟ್ಟುಕೊಂಡರು.

"ಅದು ನಂಗೆ ಹೊಳೀಲಿಲ್ಲ ತಾಯಿ. ದೊಡ್ಡ ತಪ್ಪಾತು."

"ಹೋಗ್ಲಿ ಬಿಡ್ರಿ. ಅವ್ರು ಏನಂದ್ರು?"

"ಪರಿಶೀಲನೆ ಮಾಡ್ತೀವಿ ಅಂದ್ರು."

"ಅಂದ್ರೆ?"

"ಅಂದ್ರೆ... ನಂಗೂ ಗೊತ್ತಿಲ್ಲ."

ಅವಳು ಸಣ್ಣಗೆ ನಕ್ಕಳು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿದಳು. "ನೀವ್ಯಾರ್ರಿ?"

ನಾನು ದಾವಣಗೆರೆಯ ತಂತಿಯವನು, ಇವನು ಹರಿಹರದವನು ಎಂದೆ.

"ಅವತ್ತು ನಮ್ಮನಿಗೆ ಬಂದ ತಂತಿ ಬರದೋರು ಯಾರು?"

ರೌಫ್ ತಲೆ ತಗ್ಗಿಸಿದ. "ನಾನೇ ಇರ್ಬೇಕಮ್ಮ. ಆಗ ಹರಿಹರದಾಗ ನಾನೇ ಇದ್ದೆ. ಮುಂಬಯಿಯಿಂದ ಸದ್ದು ಬರ್ತೈತೆ, ಕೇಳಿ ಕಾಗದದ ಮ್ಯಾಲೆ ಬರೀತೀನಿ."

"ನಿಮಗೆ ಇಂಗ್ಲಿಷ್ ತಿಳೀತೈತೆ?"

"ತಂತಿಗೆ ಬೇಕಾದಷ್ಟು ತಿಳೀತೈತೆ."

"ಕನ್ನಡ ಬರಿಯಾಕೆ ಬರ್ತೈತೆ?"

"ಬರ್ತೈತಮ್ಮ. ಇಲ್ಲೇ ಸಾಲಿ ಕಲಿತೋನು."

"ಹಂಗಾರೆ ಅವ್ರು ಶುಕ್ರವಾರ ಬರ್ತಾರೆ ಅಂತ ಅವತ್ತು ನಿಮಗೆ ಗೊತ್ತಿತ್ತು. ಕೆಳಗೆ ಒಂದು ಸಾಲು ಕನ್ನಡದಾಗ ಬರದಿದ್ರೆ ಆಗ್ತಿರ್ಲಿಲ್ವ? ಇದಕ್ಕೆ ಡೆಲ್ಲಿ ಯಾಕ?"

ನೋಟುಪುಸ್ತಕ ತುಂಬ ಟಕ್ಕು ಜೋಡಿಸಿದ್ದೆವು, ಐದಾರು ಸಲ ಪ್ರಶ್ನೆ ಬರೆದಿದ್ದೆವು. ಬರೆಯುವ ಕೈ ನಮ್ಮದೇ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ನನಗಂತೂ ಹತ್ತು ವರ್ಷದಲ್ಲಿ ಬರೆದ ತಂತಿಗಳೆಲ್ಲ ಕಣ್ಣ ಮುಂದೆ ಬಂದಂತಾಯಿತು. ಎಷ್ಟು ಹಳ್ಳಿಗಳಿಗೆ, ಎಷ್ಟು ಮನೆಗಳಿಗೆ! ಅರ್ಥ ತಿಳಿದೇ ಬರೆದು, ಮಡಿಸಿ, ಕಳಿಸಿಬಿಟ್ಟಿದ್ದೆ.

"ರೂಲ್ ಇಲ್ಲಮ್ಮ," ಎಂದೆ.

"ಬರೀಬಾರ್ದು ಅಂತ ರೂಲಾ? ಬರೀಬೇಕು ಅಂತ ರೂಲ್ ಇಲ್ವಾ?"

ಹಿಂತಿರುಗುವಾಗ ಗಾಡಿಯಲ್ಲಿ ಕೆಂಚವೀರಪ್ಪನವರು ಹರಿಹರ ಹತ್ತಿರ ಬಂದಾಗ, "ನಾನಲ್ಲ ಮಾಸ್ತರ್ರೆ, ಆಯಮ್ಮ ಹೋಗ್ಬೇಕಿತ್ತು ಅಲ್ಲಿಗೆ," ಎಂದರು.

ಮುಂದಿನ ವಾರದಿಂದಲೇ ರೌಫ್ ಹರಿಹರದಲ್ಲಿ, ನಾನು ದಾವಣಗೆರೆಯಲ್ಲಿ ಶುರು ಮಾಡಿದೆವು. ಹಳ್ಳಿಗೆ ಹೋಗುವ ತಂತಿಯ ಕೆಳಗೆ ಪೆನ್ಸಿಲಿನಲ್ಲಿ ಕನ್ನಡದ ಒಂದು ಸಾಲು. ನಾನು ಬರೆದ ಮೊದಲನೆಯದು ನಿಟ್ಟುವಳ್ಳಿಯ ಮನೆಯೊಂದಕ್ಕೆ: 'ಹುಡುಗಿ ಒಪ್ಪಿಗೆಯಾಗಿದ್ದಾಳೆ, ಸೋಮವಾರ ಮಾತಿಗೆ ಬರುತ್ತೇವೆ.' ಆ ಮನೆಯ ಯಜಮಾನ ಮರುದಿನ ಹುಡುಕಿಕೊಂಡು ಬಂದು, ಬರೆದವರು ಯಾರು ಎಂದು ನೋಡಿ, ಸುಮ್ಮನೆ ಕೈಮುಗಿದು ಹೋದ.

ಅರವತ್ತೆರಡರ ಚುನಾವಣೆಗೆ ಪಕ್ಷ ಕೆಂಚವೀರಪ್ಪನವರಿಗೆ ಟಿಕೆಟ್ ಕೊಡಲಿಲ್ಲ. ನಗೆಪಾಟಲಾದವರನ್ನು ನಿಲ್ಲಿಸುವುದು ಹೇಗೆ ಎಂದರಂತೆ. ಇವರು ಅದನ್ನು ಕೇಳಿ ಮಂಡಿಗೆ ಹೋಗಿ ಅರಳೆ ನೋಡಿದರು. ಬೇಸರವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. "ಈಗೀಗ ಅಲ್ಲಿನ ಮಾತು ತಿಳಿಯಾಕತ್ತಿತ್ತು. ಇನ್ನೊಂದೈದು ವರ್ಷ ಸಿಕ್ಕಿದ್ರೆ ನಾಲ್ಕು ಪ್ರಶ್ನೆ ಕೇಳ್ತಿದ್ದೆ," ಎಂದರು. ಹುಲಿಗೆಮ್ಮನ ಹಳ್ಳಿಗೆ ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದರು. ಅವಳ ನಾದಿನಿಯ ಹೆರಿಗೆಗೆ ದಾವಣಗೆರೆ ಆಸ್ಪತ್ರೆಯಲ್ಲಿ ಓಡಾಡಿದರು ಎಂದು ಜಂಬಯ್ಯನಿಂದ ತಿಳಿಯಿತು. ಅವಳು ಅವರನ್ನು ಕ್ಷಮಿಸಿದಳೋ ಇಲ್ಲವೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅರವತ್ತಮೂರರಲ್ಲಿ ತಪಾಸಣೆಗೆ ಬಂದ ಮೇಲಧಿಕಾರಿಗಳು ಪೆನ್ಸಿಲ್ ಸಾಲು ಕಂಡು, ಇದು ಯಾರ ಅಕ್ಷರ ಎಂದರು. ನನ್ನದು ಎಂದೆ. ಯಾವ ಆದೇಶದ ಮೇಲೆ ಎಂದು ಲಿಖಿತ ವಿವರಣೆ ಕೇಳಿದರು. ನಡೆದದ್ದನ್ನು ನಡೆದಂತೆ ಎರಡು ಪುಟ ಬರೆದು ಕಳಿಸಿದೆ, ಹುಲಿಗೆಮ್ಮನ ಹೆಸರು ಮಾತ್ರ ಬಿಟ್ಟು. ಅದಕ್ಕೆ ಉತ್ತರ ಬರಲಿಲ್ಲ. ಬರುವವರೆಗೆ ನಿಲ್ಲಿಸಬೇಕೆಂದೂ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಲೇ ಇದ್ದೆ.

ಅರವತ್ತೈದರಲ್ಲಿ ನನಗೆ ಶಿವಮೊಗ್ಗೆಗೆ ವರ್ಗವಾಯಿತು. ನನ್ನ ಜಾಗಕ್ಕೆ ಬಂದವನು ಹೊಸಬ, ಮಾಲತೇಶಪ್ಪ ಎಂದು. ಕೆಲಸ ಒಪ್ಪಿಸುವಾಗ ಪೆನ್ಸಿಲ್ ವಿಷಯವನ್ನೂ ಹೇಳಿದೆ. ಅವನು ಅನುಮಾನದಿಂದ ನನ್ನ ಮುಖ ನೋಡಿ, ನೋಡೋಣ ಸಾರ್ ಎಂದ. ಮಾಡುತ್ತಾನೋ ಇಲ್ಲವೋ ಎಂದು ಶಿವಮೊಗ್ಗೆಯಲ್ಲಿ ಕೂತು ಯೋಚಿಸುತ್ತಿದ್ದೆ.

ಎರಡು ತಿಂಗಳ ಮೇಲೆ ರೌಫ್‌ನ ಕಾಗದ ಬಂತು. ಮಾಲತೇಶಪ್ಪ ತಪ್ಪದೆ ಬರೆಯುತ್ತಿದ್ದಾನಂತೆ. ಆದರೆ ಅವನ ಕನ್ನಡದ ಅಕ್ಷರ ಎಷ್ಟು ಕೆಟ್ಟದಾಗಿದೆಯೆಂದರೆ ಹಳ್ಳಿಯ ಮೇಷ್ಟರಿಗೂ ಓದಲಾಗದೆ ಜನ ಮತ್ತೆ ಪೇಟೆಗೆ ಬರುತ್ತಿದ್ದಾರಂತೆ. ಈಗ ಕೆಂಚವೀರಪ್ಪನವರು ದಿನಾ ಮಧ್ಯಾಹ್ನ ಅವನ ಪಕ್ಕದಲ್ಲಿ ಕೂತು ಒಂದೊಂದು ಪುಟ ಕಾಪಿ ಬರೆಸುತ್ತಿದ್ದಾರೆ ಎಂದು ಬರೆದಿದ್ದ.